ಫೋಟೋ ಫೈಲ್ ಒಳಗೇ ಕನ್ನಡದಲ್ಲಿ ಬರ್ದಿಡೋದು: ನಾಲ್ಕು ಜಾಗ ಟ್ರೈ ಮಾಡ್ದೆ

ಅಜ್ಜಿ ಟ್ರಂಕಲ್ಲಿದ್ದ ಹಳೇ ಫೋಟೋಗಳನ್ನ ಸ್ಕ್ಯಾನ್ ಮಾಡ್ತಾ ಕೂತಿದ್ದೆ. ಒಂದರ ಹಿಂದೆ ಇಂಕಲ್ಲಿ "ಲಕ್ಷ್ಮಿ ಮದುವೆ, ಎಡಗಡೆ ದೊಡ್ಡತ್ತೆ, ಮಗು ಯಾರ್ದೋ" ಅಂತಿತ್ತು. ಇದು ಫೋಟೋ ಜೊತೆಗೇ ಇರ್ಬೇಕು ಅಂತ ಒಂದೇ ಜೇಪೆಗ್‌ಗೆ ನಾಲ್ಕು ಥರ ಬರ್ದು ನೋಡ್ದೆ, ಎಲ್ಲಾ ಎಕ್ಸಿಫ್‌ಟೂಲ್ ಅನ್ನೋ ಫ್ರೀ ಟೂಲಲ್ಲೇ.

ಮೊದ್ಲು ಜೇಪೆಗ್ ಕಾಮೆಂಟ್, ಅಂದ್ರೆ ಫೈಲಲ್ಲಿ ಟಿಪ್ಪಣಿಗೆ ಅಂತ ಇರೋ ಜಾಗ. ಇದಕ್ಕಿಂತ ಸುಲಭದ್ದಿಲ್ಲ, ಹತ್ತತ್ರ 64 ಕೆಬಿ ಜಾಗ ಬೇರೆ. ಆದ್ರೆ ಒಳಗಿರೋದು ಯಾವ ಎನ್‌ಕೋಡಿಂಗ್ (ಅಕ್ಷರಗಳನ್ನ ಬೈಟ್ ಮಾಡಿ ಇಡೋ ರೀತಿ) ಅಂತ ಹೇಳೋಕೆ ಅಲ್ಲಿ ವ್ಯವಸ್ಥೆನೇ ಇಲ್ಲ. ಬರ್ದ ಟೂಲಲ್ಲೇ ಓದಿದ್ರೆ ಚೆನ್ನಾಗೇ ಬಂತು, ಇನ್ನೊಂದು ವ್ಯೂವರಲ್ಲಿ ತೆಗೆದ್ರೆ ತಲೆ ಮೇಲೆ ಗೀಟಿರೋ ಇಂಗ್ಲಿಷ್ ಎ, ಪಕ್ಕದಲ್ಲಿ ಪುಟಾಣಿ 2 ಇಲ್ಲಾ 3, ಮತ್ತೆ ಅದೇ ಎ, ಹಿಂಗೇ ಸಾಲುಗಟ್ಟಲೆ.

ಆಮೇಲೆ ಎಕ್ಸಿಫ್, ಕ್ಯಾಮೆರಾ ತನ್ನ ವಿವರ ಬರೆದಿಡೋ ಭಾಗ. ಅದ್ರಲ್ಲಿ ಇದಕ್ಕೆ ಎರಡು ಡಬ್ಬ. ಇಮೇಜ್ ಡಿಸ್ಕ್ರಿಪ್ಷನ್ ಅನ್ನೋದು ನಿಯಮದ ಪ್ರಕಾರ ಬರೀ ಆಸ್ಕಿ, ಅಂದ್ರೆ ಇಂಗ್ಲಿಷ್ ಅಕ್ಷರ ಮಾತ್ರ, ಕನ್ನಡನೂ ಹಿಡಿಯೋ ಯುಟಿಎಫ್-8 ಎನ್‌ಕೋಡಿಂಗಿಗೆ ಒಪ್ಪಿಗೆ ಸಿಕ್ಕಿದ್ದೇ 2023ರ 3.0 ಆವೃತ್ತಿಲಿ. ಯೂಸರ್ ಕಾಮೆಂಟ್ ವಾಸಿ, ಮೊದಲ 8 ಬೈಟಲ್ಲಿ ಯುನಿಕೋಡ್ (ಎಲ್ಲಾ ಭಾಷೆ ಅಕ್ಷರಗಳಿಗೂ ಕೋಡು ಇರೋ ಪಟ್ಟಿ) ಅಂತ ಹೇಳ್ಕೊಳುತ್ತೆ, ಕನ್ನಡ ಕೆಡ್ಲಿಲ್ಲ. ಆದ್ರೆ ನನ್ ಹತ್ರ ಇರೋ ಆಪ್‌ಗಳಲ್ಲಿ ಅದನ್ನ ತೋರ್ಸೋದು ಒಂದೇ ಒಂದು, ಅದೂ ಮೂರು ಮೆನು ಒಳಗೆ ಹೋದ್ಮೇಲೆ.

ಐಪಿಟಿಸಿ ಪತ್ರಿಕೆಯವರ ಹಳೇ ವ್ಯವಸ್ಥೆ. ಮೊದಲ ಸಲ ಬರ್ದಾಗ ಕನ್ನಡ ಪೂರ್ತಿ ಪ್ರಶ್ನಾರ್ಥಕ ಚಿಹ್ನೆ ಆಗೋಯ್ತು, ಯುಟಿಎಫ್-8 ಅಂತ ಬೇರೆ ಟ್ಯಾಗಲ್ಲಿ ಹೇಳ್ಬೇಕಂತೆ, ಹೇಳಿದ್ಮೇಲೆ ಸರಿಹೋಯ್ತು. ಕ್ಯಾಪ್ಷನ್‌ಗೆ ಇರೋದು 2000 ಬೈಟ್. ಇಂಗ್ಲಿಷ್‌ನೋರಿಗೆ ಧಾರಾಳ, ನಮಗೆ "ಲಕ್ಷ್ಮಿ" ಅನ್ನೋ ಒಂದು ಹೆಸರಿಗೇ 21 ಬೈಟ್ ಹೋಗುತ್ತೆ ಕಣ್ರೀ, ಒತ್ತಕ್ಷರ ಬಿಡಿಸಿದ್ರೆ ಏಳು ಕೋಡು, ಒಂದೊಂದಕ್ಕೆ ಮೂರು. ನಮ್ಮನೆ ಮದುವೆ ಗ್ರೂಪ್ ಫೋಟೋದ ಹೆಸರು ಬರೆಯೋಕೆ ಸಾಲಲ್ಲ.

ಕೊನೆಗೆ ಎಕ್ಸ್‌ಎಂಪಿ, ಫೋಟೋಶಾಪ್ ಮಾಡೋ ಅಡೋಬಿಯವರು 2001ರಲ್ಲಿ ತಂದಿದ್ದು. ಒಳಗೆ ಬರೀ ಎಕ್ಸ್‌ಎಂಎಲ್ (ಟ್ಯಾಗ್ ಹಾಕಿರೋ ಸಾದಾ ಬರಹ), ಯುಟಿಎಫ್-8, ಕನ್ನಡದ್ದೊಂದು ಇಂಗ್ಲಿಷಿಂದೊಂದು ಅಂತ ಎರಡೂ ವಿವರಣೆ ಒಂದೇ ಕಡೆ ಇಡ್ಬಹುದು, ಅಮೆರಿಕಾದಲ್ಲಿರೋ ಅಣ್ಣನ ಮಕ್ಕಳಿಗೆ ಕನ್ನಡ ಓದೋಕೆ ಬರಲ್ಲ, ಅವ್ರಿಗೂ ಆಯ್ತು. ನಾನಂತೂ ಇದಕ್ಕೇ ಬಂದ್ಬಿಟ್ಟೆ. ಪಿಎನ್‌ಜಿ ಆದ್ರೂ ಇದೇ ಹಾಕಿ, ಅದರ ಸಾದಾ ಟೆಕ್ಸ್ಟ್ ಭಾಗ ಲ್ಯಾಟಿನ್-1, ಅಂದ್ರೆ ಪಶ್ಚಿಮ ಯುರೋಪಿನ ಅಕ್ಷರ ಮಾತ್ರ, ಕನ್ನಡ ಹಿಡಿಯಲ್ಲ. ಹಾ, ಎಕ್ಸಿಫ್‌ಟೂಲ್ ತಾನು ತಿದ್ದೋ ಪ್ರತಿ ಫೈಲಿಗೂ ಮೂಲದ್ದೊಂದು ಕಾಪಿ ಇಟ್ಕೊಳುತ್ತೆ, ನಂಗೊತ್ತಾಗೋಷ್ಟರಲ್ಲಿ ಡಿಸ್ಕ್ ತುಂಬಿತ್ತು.

ಇಷ್ಟೆಲ್ಲಾ ಮಾಡಿ ಮನೆಯವ್ರ ಚಾಟ್ ಗ್ರೂಪಿಗೆ ಹಾಕಿದ್ರೆ ಆಪ್ ಫೋಟೋ ಕುಗ್ಸಿ ಒಳಗಿದ್ದ ಬರಹ ಎಲ್ಲಾ ಕಿತ್ತಾಕ್ತು. ಡಾಕ್ಯುಮೆಂಟ್ ಥರ ಕಳ್ಸಿದ್ರೆ ಉಳಿಯುತ್ತೆ, ಕಳ್ಸಿದೆ, ಆದ್ರೆ ಚಿಕ್ಕಪ್ಪನ ಫೋನಿನ ಗ್ಯಾಲರಿ ಆ ಬರಹನ ತೋರ್ಸೋದೇ ಇಲ್ಲ. "ಎಡಗಡೆ ಯಾರೋ ಅದು?" ಅಂತ ಕೇಳಿದ್ರು. ಫೋಟೋ ಹಿಂಭಾಗನೂ ಸ್ಕ್ಯಾನ್ ಮಾಡಿ ಕಳಿಸ್ದೆ.