ಮಗಳ ಮಾಂಟೆಸರಿ, ಮಗನ ನಲಿಕಲಿ

ಮಗಳು ಉಡುಪಿ ಪೇಟೆಯ ಒಂದು ಮಾಂಟೆಸರಿ ಶಿಶುಶಾಲೆಯಲ್ಲಿ 3 ವರ್ಷ ಕಲಿತಳು. ಮಗ ಈಗ ನಮ್ಮೂರ ಸರಕಾರಿ ಶಾಲೆಯ ನಲಿಕಲಿಯಲ್ಲಿ, ಅಂದರೆ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಕಾರ್ಡು ಹಿಡಿದು ಒಟ್ಟಿಗೆ ಕಲಿಯುವ ಪದ್ಧತಿಯಲ್ಲಿ, ಮೂರನೇ ಕ್ಲಾಸು. ಅವಳು ಹೋದದ್ದು ಮೂರರಿಂದ ಆರರ ಪ್ರಾಯದಲ್ಲಿ, ಇವನು ಆರು ತುಂಬಿದ ಮೇಲೆ. ಹಾಗಾಗಿ ಸರಿಸಮ ತೂಗಲಾಗದು. ಆದರೆ ಎರಡೂ ಕಡೆ ಬೇರೆ ಬೇರೆ ಪ್ರಾಯದ ಮಕ್ಕಳು ಒಂದೇ ಕೋಣೆಯಲ್ಲಿ ಕೂತು, ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ.

ಲೆಕ್ಕದಲ್ಲಿ ಮಾಂಟೆಸರಿಯನ್ನು ಮೀರಿಸಿದ್ದು ನಾನು ಕಂಡಿಲ್ಲ. ಒಂದು ಮಣಿ, ಹತ್ತು ಮಣಿ ಪೋಣಿಸಿದ ಕಡ್ಡಿ, ನೂರರ ಚೌಕ, ಸಾವಿರದ ಘನ. ಆ ಸಾವಿರವನ್ನು ಎರಡೂ ಕೈಯಲ್ಲಿ ಎತ್ತಿ ಚಾಪೆಯವರೆಗೆ ತಂದ ದಿನ ಮಗಳು ಮನೆಗೆ ಬಂದು ಹೇಳಿದ್ದು, "ಅಮ್ಮಾ, ಸಾವಿರ ಭಾರ ಉಂಟು." ಸೊನ್ನೆ ಎಣಿಸಿ ಕಲಿತ ನನಗೆ ಆ ಭಾರ ಇವತ್ತಿಗೂ ಗೊತ್ತಿಲ್ಲ.

ಆದರೆ 1907ರಲ್ಲಿ ರೋಮ್‌ನ ಬಡಕೇರಿಯಲ್ಲಿ ದುಡಿಯುವವರ ಮಕ್ಕಳಿಗೆಂದು ಶುರುವಾದ ಪದ್ಧತಿಗೆ ನಾವು ಕಟ್ಟಿದ್ದು ವರ್ಷಕ್ಕೆ 40 ಸಾವಿರ. ಅಂಗಳ ಇತ್ತು, ಮಳೆ ಬಂದರೆ ಬಾಗಿಲು ಹಾಕುತ್ತಿದ್ದರು. ಉಡುಪಿಯಲ್ಲಿ ಮಳೆಗೆ ಬಾಗಿಲು ಹಾಕಿದರೆ ಮತ್ತೆ ತೆಗೆಯುವುದು ಯಾವಾಗ? ಮಾತೆಲ್ಲ ಇಂಗ್ಲಿಷ್. ಮನೆಯಲ್ಲಿ ತುಳು ಮಾತ್ರ ಕೇಳಿದ್ದ ಮಗು ಮೊದಲ ಎರಡು ತಿಂಗಳು ಬಾಯಾರಿದರೂ ಕೇಳದೆ ಕೂತಿತ್ತು. ಇದು ನನಗೆ ತಡವಾಗಿ ಗೊತ್ತಾಯಿತು. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಮಗನ ಟೀಚರ್ ಮೊದಲ ದಿನವೇ ತುಳುವಿನಲ್ಲಿ "ನೀರ್ ಬೋಡಾ?" (ನೀರು ಬೇಕಾ?) ಎಂದು ಕೇಳಿದರು. ನನಗೆ ಅರ್ಧ ಸಮಾಧಾನ ಅಲ್ಲೇ ಆಯಿತು. ನಲಿಕಲಿ ನಮ್ಮ ರಾಜ್ಯದ್ದೇ ಕೂಸು. ಆಂಧ್ರದ ರಿಷಿವ್ಯಾಲಿ ಶಾಲೆಯ ಕೆಲಸ ನೋಡಿ ಬಂದ ಸರಕಾರಿ ಶಿಕ್ಷಕರು 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುಮಾಡಿದ್ದು. ಪಾಠಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿರುತ್ತಾರೆ. ಮಗು ತನ್ನ ಮೆಟ್ಟಿಲು ತಾನೇ ನೋಡಿ, ಅದರ ಕಾರ್ಡು ತೆಗೆದುಕೊಂಡು, 'ತಟ್ಟೆ' ಎಂದು ಕರೆಯುವ ತನ್ನ ಗುಂಪಿಗೆ ಹೋಗಿ ಕೂರುತ್ತದೆ. ಬರೆಯಲು ಗೋಡೆಯ ಕೆಳಭಾಗದಲ್ಲೇ ಕಪ್ಪುಹಲಗೆ. ಬಿಡಿಸಿದ ಚಿತ್ರ ತಲೆಯ ಮೇಲಿನ ಚಪ್ಪರದಲ್ಲಿ ತೂಗುತ್ತದೆ. ಜ್ವರ ಬಂದು ವಾರ ರಜೆ ಹಾಕಿದರೂ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಸಬಹುದು. ಎಲೆಯ ಪಾಠಕ್ಕೆ ಹಲಸಿನ ಮರದಡಿಗೇ ಹೋಗುತ್ತಾರೆ.

ಕೊರತೆ ಇಲ್ಲವೆಂದಲ್ಲ. ಮೂರು ಕ್ಲಾಸಿಗೂ ಒಬ್ಬರೇ ಟೀಚರ್. ಅವರಿಗೆ ಚುನಾವಣೆ ಕೆಲಸ ಬಂದ ದಿನ ಮಕ್ಕಳು ಸುಮ್ಮನೆ ಕೂರುತ್ತಾರೆ. ಅರ್ಧ ಕಾರ್ಡುಗಳು ಹರಿದಿವೆ.

ಕಳೆದ ಜೂನ್‌ನಲ್ಲಿ ಇಬ್ಬರನ್ನೂ ಬ್ರಹ್ಮಾವರದ ಹತ್ತಿರ ತವರಿನ ಗದ್ದೆಗೆ ಇಳಿಸಿದೆ. ಮಗಳು ನೇಜಿಯ (ಭತ್ತದ ಸಸಿಯ) ಸೂಡಿಗಳನ್ನು, ಅಂದರೆ ಕಟ್ಟುಗಳನ್ನು, ಹತ್ತು ಹತ್ತಾಗಿ ಸಾಲಿಟ್ಟಳು, ಮಣಿ ಇಟ್ಟ ಹಾಗೆಯೇ. ಮಗ ನೆಡುವ ಹೆಂಗಸರ ನಡುವೆ ನುಗ್ಗಿ, ಎಷ್ಟು ಬೆರಳು ಆಳಕ್ಕೆ ಊರಬೇಕು, ಯಾಕೆ ಎಂದು ಕೇಳಿ ಕೇಳಿ ಸುಸ್ತು ಮಾಡಿದ.

ಇನ್ನೊಮ್ಮೆ ಆರಿಸಬೇಕಾದರೆ ನಲಿಕಲಿಯೇ. ಮಣಿಗಳನ್ನು ಮನೆಗೆ ಕೊಳ್ಳಬಹುದು, ನಾನು ಕೊಂಡಿದ್ದೇನೆ. ಆದರೆ ನಲಿಕಲಿ ಮೂರಕ್ಕೇ ಮುಗಿಯುತ್ತದೆ, ನಾಲ್ಕರಿಂದ ಬೆಂಚು, ಪುಸ್ತಕ. ಅದಕ್ಕೆ ಎಸ್‌ಡಿಎಂಸಿ (ಹೆತ್ತವರಿರುವ ಶಾಲಾ ಸಮಿತಿ) ಸಭೆಯಲ್ಲಿ ಶಾಲೆಯ ಹಿಂದಿನ ಖಾಲಿ ಜಾಗದಲ್ಲಿ ಮಕ್ಕಳೇ ತರಕಾರಿ ಬೆಳೆಯಲಿ ಎಂದು ಕೇಳಿದ್ದೇನೆ. ಅಲಸಂಡೆ ಬೀಜ ಅಮ್ಮ ಆಗಲೇ ಕಟ್ಟಿ ಕಳಿಸಿದ್ದಾರೆ.