ಚಾಮರಾಜಪುರಂನ ಹಳೇ ಮನೆಗೆ ಗಾರೆ ಕೆಲಸ ಮಾಡಿಸಿದ್ದು: ಐದಕ್ಕೆ ನಾಲ್ಕು ಸ್ಟಾರ್

ಮೈಸೂರಲ್ಲಿ ಹಳೇ ಮನೆ ಬಾಡಿಗೆಗೆ ಕೊಟ್ಟವರು, ತಗೊಂಡವರು ಇಬ್ಬರೂ ಓದಲಿ ಅಂತ ಬರೆಯುತ್ತಿದ್ದೇನೆ. ನಂಜನಗೂಡು ಕಡೆಯ ಒಂದು ಮೇಸ್ತ್ರಿ ತಂಡ ನಾವು ಬಾಡಿಗೆಗಿರುವ ಮನೆಯ ರಿಪೇರಿ ಮಾಡಿಕೊಟ್ಟಿತು. ಸುಣ್ಣದ ಗಾರೆ ಕೆಲಸ ಬಲ್ಲವರು ಈಗ ಸಿಗೋದೇ ಕಷ್ಟ. ಇವರು ನಿಜವಾಗಿಯೂ ಬಲ್ಲವರು.

ಮನೆ ಮದ್ರಾಸ್ ತಾರಸಿಯದು. ತೇಗದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆ ನಿಲ್ಲಿಸಿ ಜೋಡಿಸಿ ಮೇಲೆ ಗಾರೆ ಹಾಕಿದ್ದು. ಮುಂದೆ ಮಂಗಳೂರು ಹೆಂಚಿನ ಜಗಲಿ, ಹಿಂದೆ ಬಾವಿ, ಮಾವಿನ ಮರಗಳು. ನಮಗಿಂತ ಮುಂಚೆ ಯಾರೋ ಹಾಲ್‌ನ ಗೋಡೆಗೆ ಸಿಮೆಂಟ್ ಬಳಿಸಿದ್ದರು. ಅಲ್ಲಿಂದಲೇ ಎಲ್ಲ ತೊಂದರೆ. ಮೊಣಕಾಲೆತ್ತರದವರೆಗೆ ಉಪ್ಪು ಒಡೆದು, ಬಣ್ಣ ಚಕ್ಕೆ ಚಕ್ಕೆಯಾಗಿ ಉದುರುತ್ತಿತ್ತು.

ಮೇಸ್ತ್ರಿ ಬೆರಳ ಗೆಣ್ಣಿನಿಂದ ಗೋಡೆ ತಟ್ಟುತ್ತಾ ಹೋದರು. ಟೊಳ್ಳು ಸದ್ದು ಬಂದ ಕಡೆಯೆಲ್ಲ ಇದ್ದಿಲಲ್ಲಿ ಗುರುತು ಹಾಕಿದರು. "ಈ ಗೋಡೆ ನೆಲದ ತೇವ ಎಳ್ಕೊಂಡು ಗಾಳಿಗೆ ಬಿಡುತ್ತೆ ಅಮ್ಮ, ಸಿಮೆಂಟ್ ಮುಚ್ಚಿದ್ರೆ ತೇವ ಒಳಗೇ ಕೂತು ಇಟ್ಟಿಗೆನೇ ತಿನ್ನುತ್ತೆ" ಅಂದರು. ಸಿಮೆಂಟ್ ಪೂರಾ ಕಿತ್ತು, ಸುಣ್ಣ ನೆನೆಹಾಕಿ, ಮರಳು ಸೇರಿಸಿ ಅರೆದು, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಹಾಕಿ ಕಲಸಿದರು. ಬಳಿದ ಮೇಲೆ ಒದ್ದೆ ಗೋಣಿತಾಟು ಹೊದಿಸಿ ನಿಧಾನವಾಗಿ ಒಣಗಲು ಬಿಟ್ಟರು. ಅವಸರ ಮಾಡಿದರೆ ಬಿರುಕು ಬಿಡುತ್ತೆ, ಆದ್ದರಿಂದ ಅವಸರ ಇರುವವರು ಈ ಕೆಲಸಕ್ಕೆ ಕೈ ಹಾಕಬೇಡಿ.

ನನಗೆ ಇನ್ನೂ ಜಾಸ್ತಿ ಇಷ್ಟವಾಗಿದ್ದು ಬೇರೆ. ಓನರ್ ಅಮ್ಮಾವ್ರು ಬೆಂಗಳೂರಲ್ಲಿರೋದು. ಅವರು ಬಂದು ನಿಲ್ಲದೆ ಕೆಲಸ ಶುರು ಮಾಡಲ್ಲ ಅಂತ ಮೇಸ್ತ್ರಿ ಹಟ ಹಿಡಿದರು. ಬಂದ ಮೇಲೆ ನಮ್ಮಿಬ್ಬರನ್ನೂ ತಾರಸಿಯಿಂದ ಬಾವಿಯವರೆಗೆ ಓಡಾಡಿಸಿ, ಒಂದೊಂದನ್ನೂ ತೋರಿಸಿ, ಇದರ ರಿಪೇರಿ ಯಾರದು ಅಂತ ಅಲ್ಲೇ ಕೇಳಿದರು. ತಾರಸಿ, ಗೋಡೆ, ತೊಲೆ, ವೈರಿಂಗ್, ಸುಣ್ಣಬಣ್ಣ ಓನರ್‌ದು. ನಲ್ಲಿ ವಾಷರ್, ಚರಂಡಿ, ತೋಟ ನಮ್ಮದು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯ ಪಟ್ಟಿಯಲ್ಲೂ ಹೆಚ್ಚುಕಮ್ಮಿ ಹೀಗೇ ಇದೆ. ಆದರೆ ಹಳೇ ಮನೆಗೆ ಅಷ್ಟು ಸಾಲದು. ತಾರಸಿಯ ನೀರು ಹೋಗುವ ದೋಣಿಯಿಂದ ಎಲೆ ತೆಗೆಯೋದು ನಾವು, ದೋಣಿ ಸೋರಿದರೆ ಅವರು. ಮಾವಿನ ಎಲೆ ಗುಡಿಸೋದು ನಾವು, ಮರಕ್ಕೆ ಕೊಡಲಿ ಹಾಕಬೇಕಾದರೆ ಅದಕ್ಕೆ ಬೇಕಾದ ಅನುಮತಿ ತರೋದು ಅವರು. ಗೋಡೆ ಬಿರುಕಲ್ಲಿ ಅರಳಿ ಸಸಿ ಕಂಡರೆ ಅವತ್ತೇ ಫೋಟೋ ಕಳಿಸಬೇಕು, ಬೇರು ಇಳಿಯುವ ಮುಂಚೆ ಅವರು ತೆಗೆಸಬೇಕು. ಎಲ್ಲ ಬರೆದು 11 ತಿಂಗಳ ಅಗ್ರಿಮೆಂಟ್‌ಗೆ ಸೇರಿಸಿ ಇಬ್ಬರೂ ಸಹಿ ಹಾಕಿದೆವು.

ಇಷ್ಟೆಲ್ಲ ಬೇಕಾ ಅನ್ನುವವರು 2012ರಲ್ಲಿ ಇದೇ ಮೈಸೂರಿನ ಹಳೇ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತದ್ದನ್ನು ನೆನಪಿಸಿಕೊಳ್ಳಿ. 2016ರಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ಬಾಗಿಲ ಕಡೆಯೂ ಬಿತ್ತು. ಅಷ್ಟು ದೊಡ್ಡ ಕಟ್ಟಡಗಳ ಗತಿಯೇ ಹೀಗಾದರೆ ನಮ್ಮ ಮನೆಗಳನ್ನು ಯಾರು ನೋಡಿಕೊಳ್ಳುತ್ತಾರೆ? ಓನರ್ ಬಾಡಿಗೆದಾರ ಮಾಡಲಿ ಅಂತಾರೆ, ಬಾಡಿಗೆದಾರ ಓನರ್ ಮಾಡಲಿ ಅಂತಾರೆ, ಮಧ್ಯೆ ಮಳೆ ಬಂದು ಹೋಗುತ್ತೆ.

ಒಂದು ಸ್ಟಾರ್ ಯಾಕೆ ಕಮ್ಮಿ ಅಂದರೆ, ಮಧ್ಯದಲ್ಲಿ ಬೇರೆ ಕೆಲಸಕ್ಕೆ ಹೋಗಿಬಿಟ್ಟರು, ಫೋನ್ ಕೂಡ ಎತ್ತಲಿಲ್ಲ. ಸಿಮೆಂಟ್ ಕೀಳುವಾಗ ಸಾಮಾನಿನ ಮೇಲೆ ಏನೂ ಮುಚ್ಚದೆ ಮನೆಯೆಲ್ಲ ಧೂಳು. ಕೂಲಿ ಲೆಕ್ಕವನ್ನೂ ಬಾಯಲ್ಲೇ ಹೇಳುತ್ತಾರೆ, ನೀವೇ ಬರೆದಿಟ್ಟುಕೊಳ್ಳಬೇಕು. ಸಿಮೆಂಟ್ ಕೆಲಸಕ್ಕಿಂತ ಖರ್ಚು ಜಾಸ್ತಿ ಅನ್ನೋದೂ ನಿಜ.

ಕರೆಸೋದಾದರೆ ಸಂಕ್ರಾಂತಿ ಕಳೆದ ಕೂಡಲೇ ಕರೆಸಿ. ನಮ್ಮೂರಲ್ಲಿ ಮೇ ತಿಂಗಳಲ್ಲೇ ಜೋರು ಮಳೆ ಶುರು, ಅಷ್ಟರೊಳಗೆ ತಾರಸಿ ಒಣಗಿರಬೇಕು.