ಚೀಲದ ಮೇಲಿನ ಬಾವುಟವನ್ನು ಎಲ್ಲರೂ ಓದುತ್ತಾರೆ

ಪರದೇಶಕ್ಕೆ ಹೊರಡುವವರು ಬೆನ್ನಚೀಲಕ್ಕೆ ತಮ್ಮ ದೇಶದ ಬಾವುಟವನ್ನು ಹೊಲಿಸಿಕೊಳ್ಳುವ ಮುನ್ನ ನನಗಾದದ್ದನ್ನು ತಿಳಿದುಕೊಳ್ಳಲಿ ಎಂಬ ಕಳಕಳಿಯಿಂದ ಇದನ್ನು ಬರೆಯುತ್ತಿದ್ದೇನೆ.

ದೊಡ್ಡ ರೈಲು ನಿಲ್ದಾಣವೊಂದರ ಹೊರಗೆ ಅಪರಿಚಿತನೊಬ್ಬ ನನ್ನ ಚೀಲದ ಬಾವುಟವನ್ನು ಕಂಡು ನಗುತ್ತ ಬಂದು, ನನ್ನದೇ ಭಾಷೆಯಲ್ಲಿ ಕುಶಲ ವಿಚಾರಿಸಿ, ತನ್ನ ಅಣ್ಣ ನನ್ನ ದೇಶದಲ್ಲೇ ದುಡಿಯುತ್ತಿರುವುದಾಗಿ ಹೇಳತೊಡಗಿದ. ಅಷ್ಟರಲ್ಲೇ ಮಫ್ತಿಯಲ್ಲಿರುವ ಪೊಲೀಸರೆಂದು ಹೇಳಿಕೊಂಡ ಇಬ್ಬರು ಎದುರಾಗಿ, ಗುರುತಿನ ಚೀಟಿಯನ್ನು ಕ್ಷಣಮಾತ್ರ ತೋರಿಸಿ, ಖೋಟಾ ನೋಟುಗಳ ತಪಾಸಣೆ ನಡೆದಿದೆ ಎಂದು ಪಾಸ್‌ಪೋರ್ಟನ್ನೂ ಪರ್ಸನ್ನೂ ಕೇಳಿದರು. ಮೊದಲು ಬಂದಾತ ಹಿಂದೆಮುಂದೆ ನೋಡದೆ ತನ್ನ ಪರ್ಸನ್ನು ಅವರ ಕೈಗಿತ್ತದ್ದರಿಂದ ಸಂಶಯಕ್ಕೆ ಎಡೆಯೇ ಉಳಿಯಲಿಲ್ಲ. ಮೂವರೂ ಜನಸಂದಣಿಯಲ್ಲಿ ಮರೆಯಾದ ಮೇಲೆ ನೋಡಿದರೆ, ಪಾಸ್‌ಪೋರ್ಟ್ ಉಳಿದಿತ್ತು, ದೊಡ್ಡ ನೋಟುಗಳೆಲ್ಲ ಹೋಗಿದ್ದವು. ಕೆಲವೇ ಹೆಜ್ಜೆ ಹಿಂದೆ ಬರುತ್ತಿದ್ದ ಗೆಳತಿಯನ್ನು ಯಾರೂ ಮಾತನಾಡಿಸಿರಲಿಲ್ಲ. ಅವಳ ಚೀಲದ ಮೇಲೆ ಯಾವ ಗುರುತೂ ಇರಲಿಲ್ಲ. ಠಾಣೆಯಲ್ಲಿ ದೂರು ಬರೆದುಕೊಂಡ ಅಧಿಕಾರಿ ಮೊದಲು ದೃಷ್ಟಿ ಹಾಯಿಸಿದ್ದೂ ಆ ಬಾವುಟದತ್ತಲೇ.

ಅದೇ ಬಾವುಟದಿಂದಾಗಿ ಅಪರಿಚಿತರು ಅಕ್ಕರೆಯಿಂದ ಮಾತನಾಡಿಸಿದ್ದೂ ಉಂಟು, ಅದನ್ನು ಅಲ್ಲಗಳೆಯಲಾರೆ. ಆದರೆ ಅಕ್ಕರೆಯುಳ್ಳವರಿಗೆ ಕಾಣುವ ಗುರುತು ಹೊಂಚುಹಾಕಿ ಕುಳಿತವರಿಗೂ ಕಾಣುತ್ತದೆ. ಯಾವ ಭಾಷೆಯಲ್ಲಿ ಮಾತು ತೆಗೆಯಬೇಕು, ಯಾವ ಕಥೆ ಹೇಳಿದರೆ ನಂಬಿಕೆ ಹುಟ್ಟುತ್ತದೆ ಎಂಬುದೆಲ್ಲ ಅವರಿಗೆ ದೂರದಿಂದಲೇ ತಿಳಿದುಬಿಡುತ್ತದೆ. ನಮ್ಮ ಸರ್ಕಾರದ ಮೇಲೆ ಸಿಟ್ಟಿರುವವರು ಆ ಸಿಟ್ಟನ್ನು ನಮ್ಮ ಮೇಲೆ ತೀರಿಸಿಕೊಳ್ಳುವುದೂ ಇದೆ, ಅಂಥ ಕಡೆ ನಮ್ಮ ಸ್ವಂತ ಅಭಿಪ್ರಾಯವೇನೆಂದು ಯಾರೂ ಕೇಳುವುದಿಲ್ಲ.

ಬೇರೆ ದೇಶದ ಬಾವುಟ ಧರಿಸಿದರೆ ಸುರಕ್ಷಿತವೆಂದು ಸಲಹೆ ಕೊಡುವವರ ಮಾತನ್ನಂತೂ ನಂಬಲೇಬೇಡಿ. 1965ರಲ್ಲಿ ಅಧಿಕೃತವಾದ ಕೆನಡಾದ ಮೇಪಲ್ ಎಲೆಯ ಬಾವುಟವನ್ನು ಅಲ್ಲಿನ ಪ್ರಯಾಣಿಕರು ಚೀಲಕ್ಕೆ ಹೊಲಿಸಿಕೊಳ್ಳುವುದು ರೂಢಿಯಾದಾಗ, ಕೆಲವು ಅಮೆರಿಕನ್ನರೂ ಅದನ್ನೇ ಧರಿಸತೊಡಗಿದರು. 1980ರ ಜನವರಿಯಲ್ಲಿ ಆರು ಮಂದಿ ಅಮೆರಿಕನ್ ರಾಜತಾಂತ್ರಿಕರು ಕೆನಡಾದ ಪಾಸ್‌ಪೋರ್ಟ್ ಹಿಡಿದು, ತಮ್ಮ ರಾಯಭಾರ ಕಚೇರಿ ಪ್ರತಿಭಟನಕಾರರ ವಶವಾಗಿದ್ದ ಇರಾನಿನ ರಾಜಧಾನಿ ಟೆಹರಾನಿನಿಂದ ಪಾರಾದದ್ದು ನಿಜವಾದರೂ, ಅವರ ಬೆನ್ನಿಗೆ ಎರಡು ಸರ್ಕಾರಗಳಿದ್ದವು. ಸಾಮಾನ್ಯ ಪ್ರಯಾಣಿಕರ ಸುಳ್ಳು ಹೋಟೆಲಿನವರು ಪಾಸ್‌ಪೋರ್ಟ್ ಕೇಳಿದೊಡನೆ ಬಯಲಾಗುತ್ತದೆ, ಅಧಿಕಾರಿಗಳ ಮುಂದೆ ಅದೇ ಸುಳ್ಳು ಹೇಳಿದರೆ ಅಪರಾಧವೂ ಆಗಬಹುದು.

ರಾಷ್ಟ್ರೀಯತೆ ನಮ್ಮನ್ನು ಕಾಯುವುದು ದಾಖಲೆಯ ಮೂಲಕ. ಬಂಧಿತ ವಿದೇಶೀಯರು ಕೋರಿದರೆ ಅವರ ದೂತಾವಾಸಕ್ಕೆ ತಡಮಾಡದೆ ತಿಳಿಸಬೇಕೆಂದು 1963ರ ವಿಯೆನ್ನಾ ಒಪ್ಪಂದ ಹೇಳುತ್ತದೆ. ದೂತಾವಾಸದ ದೂರವಾಣಿ ಸಂಖ್ಯೆಯನ್ನು ಕಾಗದದಲ್ಲಿಯೂ ಬರೆದಿಟ್ಟುಕೊಳ್ಳಿ. ಬೀದಿಯಲ್ಲಿ ಮಫ್ತಿಯವರು ಪರ್ಸು ಕೇಳಿದರೆ ಕೊಡದೆ, ಹತ್ತಿರದ ಠಾಣೆಯಲ್ಲಿ ತೋರಿಸುವುದಾಗಿ ಎಲ್ಲರಿಗೂ ಕೇಳುವಂತೆ ಹೇಳಿ. ಯುರೋಪಿಯನ್ ಒಕ್ಕೂಟದ ದೇಶಗಳಲ್ಲಾದರೆ ಅಲ್ಲಿಂದಲೇ 112ಕ್ಕೆ ಕರೆ ಮಾಡಿ.